ನಿನ್ನೆಯ ಹಾಡು, ಇಂದಿನ ಕಿವಿ

ಮನೆಯಲ್ಲಿ ಒಳ್ಳೆಯ ಸ್ಟೀರಿಯೋ ಇಟ್ಟುಕೊಂಡವರ ಸಹವಾಸ ಮಾಡಿದ್ದರೆ ಈ ದೂರನ್ನು ನೀವು ಕೇಳಿಯೇ ಇರುತ್ತೀರಿ. ನಿನ್ನೆ ರಾತ್ರಿ ಹಾಡು ಎಷ್ಟು ಚೆನ್ನಾಗಿತ್ತು! ತಂಬೂರಿ ಗಾಯಕನ ಹಿಂದೆ, ಒಂದಿಷ್ಟು ಬಲಕ್ಕೆ ಕೂತು ಮೀಟಿದ ಹಾಗಿತ್ತು, ಅವರು ಉಸಿರು ಎಳೆದುಕೊಂಡದ್ದೂ ಕೇಳಿಸಿತು. ಇವತ್ತು ಅದೇ ರೆಕಾರ್ಡು, ಅದೇ ಕುರ್ಚಿ, ವಾಲ್ಯೂಮಿನ ಗುಂಡಿಯೂ ಇದ್ದಲ್ಲೇ ಇದೆ. ಆದರೆ ಎಲ್ಲ ಸಪ್ಪೆ. ತಂಬೂರಿ ಎಲ್ಲೋ ಗೋಡೆಯೊಳಗೆ ಸೇರಿಕೊಂಡಿದೆ, ಗಾಯಕರು ಯಾರದೋ ಬಲವಂತಕ್ಕೆ ಹಾಡುತ್ತಿದ್ದಾರೆ. ಏನಾಯಿತು?

ಇದು ಉಂಡು ತೇಗಿದವರ ಕಾಯಿಲೆ ಎಂದು ನಕ್ಕುಬಿಡಬಹುದು. ಸಂಬಳದ ಅರ್ಧ ಬಾಡಿಗೆಗೆ ಹೋಗುವ ಊರಿನಲ್ಲಿ ಲಕ್ಷ ರೂಪಾಯಿಯ ಸ್ಪೀಕರಿನ ಮೂಡು ಕೆಟ್ಟಿದ್ದು ಯಾರಿಗೆ ಬೇಕು? ಆದರೆ ಈ ದೂರಿನ ಒಳಗೆ ಹಳೆಯದೊಂದು ಪ್ರಶ್ನೆ ಕೂತಿದೆ. ವಸ್ತು ಅದೇ, ಕೇಳುವವನೂ ಅವನೇ, ಅನುಭವ ಮಾತ್ರ ಬೇರೆ. ಹಾಗಾದರೆ ಬದಲಾದದ್ದು ಯಾವುದು? ಎರಡು ದಿನಗಳಲ್ಲಿ ಯಾವ ದಿನದ ತೀರ್ಪನ್ನು ನಂಬಬೇಕು? ಮನೆಯಲ್ಲಿ ರೇಡಿಯೋ ಕೂಡ ಇಲ್ಲದವರನ್ನೂ ಈ ಪ್ರಶ್ನೆ ಬಿಡುವುದಿಲ್ಲ.

ಮೊದಲು ವಸ್ತುವಿನ ಕಡೆಯ ಸಾಕ್ಷ್ಯ ನೋಡೋಣ. ಹೈಫೈ ಮಂದಿಯ ಮೊದಲ ಅನುಮಾನ ಕರೆಂಟಿನ ಮೇಲೆ. ರಾತ್ರಿ ಹನ್ನೊಂದರ ಮೇಲೆ ಕರೆಂಟು 'ಶುದ್ಧ'ವಾಗುತ್ತದೆ, ಅದಕ್ಕೇ ಹಾಡು ಚೆನ್ನಾಗಿ ಕೇಳುತ್ತದೆ ಎನ್ನುತ್ತಾರೆ. ನಮ್ಮಲ್ಲಿ ಮನೆಗೆ ಬರಬೇಕಾದದ್ದು 230 ವೋಲ್ಟ್. ಅದು ಶೇಕಡಾ 6ರಷ್ಟು ಆಚೀಚೆ ಆಗಲು ನಿಯಮದಲ್ಲೇ ಅವಕಾಶವಿದೆ. ಹಳ್ಳಿಯ ಸಾಲಿನ ಕೊನೆಯ ಮನೆಯಲ್ಲಿ, ಪಂಪ್‌ಸೆಟ್‌ಗಳು ಓಡುವ ಹೊತ್ತಿಗೆ, ಅದಕ್ಕಿಂತ ಕೆಳಗೂ ಇಳಿಯುತ್ತದೆ. ವೋಲ್ಟೇಜು ಶೇಕಡಾ 6 ಇಳಿದರೆ ಸಾಮಾನ್ಯ ಆಂಪ್ಲಿಫಯರಿನ ಗರಿಷ್ಠ ಶಕ್ತಿ ಶೇಕಡಾ 12ರಷ್ಟು ಕುಗ್ಗಬಹುದು. ಹನ್ನೆರಡು ಎಂದರೆ ದೊಡ್ಡದಾಗಿ ಕೇಳುತ್ತದೆ, ಆದರೆ ಕಿವಿಯ ಲೆಕ್ಕದಲ್ಲಿ ಅದು ಅರ್ಧ ಡೆಸಿಬೆಲ್. ಅದೂ ಗರಿಷ್ಠ ಶಕ್ತಿಯಲ್ಲಿ ಮಾತ್ರ. ಮನೆಯಲ್ಲಿ ಕೂತು ಕೇಳುವಾಗ ನಮಗೆ ಬೇಕಾಗುವುದು ಒಂದು ವಾಟ್ ಇರಬಹುದು, ಇಲ್ಲ ಅದಕ್ಕೂ ಕಡಿಮೆ. ಕುಡಿಯಲು ಒಂದು ಲೋಟ ನೀರು ಸಾಕಾದವನು ಕೆರೆ ನಾಲ್ಕು ಬೆರಳು ಇಳಿಯಿತೆಂದು ಕೊರಗಿದ ಹಾಗೆ.

ಆಮೇಲೆ ಗಾಳಿ. ಶಬ್ದದ ವೇಗ ಬಿಸಿಯ ಜೊತೆ ಏರುತ್ತದೆ. 20 ಡಿಗ್ರಿಯಲ್ಲಿ ಸೆಕೆಂಡಿಗೆ 343 ಮೀಟರ್ ಇದ್ದದ್ದು 30 ಡಿಗ್ರಿಗೆ ಸುಮಾರು 349 ಆಗುತ್ತದೆ. ಕೋಣೆ 3.4 ಮೀಟರ್ ಉದ್ದವಿದ್ದರೆ ಅದರ ಎರಡು ಗೋಡೆಗಳ ನಡುವೆ 50 ಹರ್ಟ್ಸ್ ಆಸುಪಾಸಿನ ಒಂದು ಸ್ವರ ಸಿಕ್ಕಿಹಾಕಿಕೊಂಡು ಗುಂಯ್‌ಗುಡುತ್ತದೆ. ಸೆಖೆ ಏರಿದರೆ ಆ ಸ್ವರ 51ರ ಹತ್ತಿರಕ್ಕೆ ಸರಿಯುತ್ತದೆ. ಒಂದು ಸ್ವರಸ್ಥಾನದಿಂದ ಮುಂದಿನದಕ್ಕೆ ಇರುವ ದೂರದ ಮೂರನೆಯ ಒಂದು ಪಾಲೂ ಅಲ್ಲ ಅದು. ಗಾಳಿಯ ತೇವವೂ ಲೆಕ್ಕಕ್ಕಿದೆ. ಒಣ ಗಾಳಿ ತಾರ ಧ್ವನಿಗಳನ್ನು ಹೆಚ್ಚು ನುಂಗುತ್ತದೆ. ದೊಡ್ಡ ಸಭಾಂಗಣದಲ್ಲಿ ಇದು ದೊಡ್ಡ ಮಾತೇ. ಆದರೆ ಮಂಗಳೂರಿನ ಜುಲೈಗೂ ಕಲಬುರಗಿಯ ಏಪ್ರಿಲ್‌ಗೂ ನಡುವೆ, ಸ್ಪೀಕರಿನಿಂದ ಮೂರು ಮೀಟರ್ ದೂರ ಕೂತವನ ಪಾಲಿಗೆ, 10,000 ಹರ್ಟ್ಸ್‌ನಂಥ ಮೇಲಿನ ಧ್ವನಿಯಲ್ಲೂ ಆಗುವ ವ್ಯತ್ಯಾಸ ಒಂದು ಡೆಸಿಬೆಲ್ಲನ್ನು ಮುಟ್ಟುವುದಿಲ್ಲ.

ಯಂತ್ರದ ಒಳಗೂ ಋತುಮಾನವಿದೆ ಎಂಬುದು ನಿಜ. ರೆಕಾರ್ಡ್ ಪ್ಲೇಯರಿನ ಸೂಜಿಯನ್ನು ಹೊತ್ತ ಕಡ್ಡಿ ಒಂದು ಚೂರು ರಬ್ಬರಿನ ಮೇಲೆ ಕೂತಿರುತ್ತದೆ. ಡಿಸೆಂಬರಿನ ಮಡಿಕೇರಿಯ ಬೆಳಗಿನಲ್ಲಿ ಅದು ಬಿಗಿಯುತ್ತದೆ. ಸ್ಪೀಕರಿನ ಕಾಗದದ ಶಂಕುವನ್ನು ಸುತ್ತ ಹಿಡಿದಿರುವ ರಬ್ಬರಿನ ಅಂಚೂ ಹಾಗೆಯೇ. ಅಂಚು ಫೋಮಿನದಾಗಿದ್ದರೆ ನಮ್ಮ ಮಳೆಗಾಲಗಳಲ್ಲಿ ಅದು ಕೆಲವು ವರ್ಷಕ್ಕೆ ಹಳೆಯ ಚಕ್ಕುಲಿಯ ಹಾಗೆ ಉದುರಲು ಶುರುವಾಗುತ್ತದೆ. ವಾಲ್ವಿನ ಆಂಪ್ಲಿಫಯರಿಗೆ ಮೈ ಬಿಸಿಯಾಗಲು ಅರ್ಧ ಗಂಟೆ ಬೇಕು. ಒಣ ಹವೆಯಲ್ಲಿ ರೆಕಾರ್ಡು ಸ್ಥಿರ ವಿದ್ಯುತ್ತಿನಿಂದ ಧೂಳನ್ನು ಎಳೆದುಕೊಂಡು ಚಟಚಟ ಎನ್ನುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಕೋಣೆ. ರೆಡ್ ಆಕ್ಸೈಡ್ ನೆಲ, ಗಾರೆಯ ಗೋಡೆ, ಮೇಲೆ ಕಾಂಕ್ರೀಟು: ನಮ್ಮ ಮನೆಗಳು ಬಟ್ಟಲಿನ ಹಾಗೆ ಮೊಳಗುತ್ತವೆ. ಬಾಗಿಲು ತೆರೆದಿದೆಯೇ ಮುಚ್ಚಿದೆಯೇ, ಪರದೆ ಎಳೆದಿದೆಯೇ, ಮೂಲೆಯಲ್ಲಿ ಹಾಸಿಗೆ ಸುರುಳಿ ಇದೆಯೇ, ಬಿಸಿಲಿಗೆ ಹಾಕಲು ಅದನ್ನು ಹೊರಗೆ ಒಯ್ದಿದ್ದಾರೆಯೇ, ಇಷ್ಟರಿಂದ ಆಗುವ ವ್ಯತ್ಯಾಸವನ್ನು ಯಾವ ದುಬಾರಿ ತಂತಿಯೂ ಮಾಡಲಾರದು. ಮದುವೆಗೆ ಬಂದ ನೆಂಟರು, ಅವರ ರೇಷ್ಮೆ ಸೀರೆ, ಅವರ ಮಡಿಲ ಮಕ್ಕಳು, ಎಲ್ಲರೂ ಶಬ್ದವನ್ನು ಹೀರಿಕೊಳ್ಳುತ್ತಾರೆ. 5,000 ಹರ್ಟ್ಸ್‌ನ ಒಂದು ಅಲೆಯ ಉದ್ದ ಸುಮಾರು ಏಳು ಸೆಂಟಿಮೀಟರ್. ನಿನ್ನೆ ಬೆನ್ನು ನೆಟ್ಟಗೆ ಕೂತವರು ಇವತ್ತು ದಣಿದು ಒರಗಿ ಕೂತರೆ, ನೇರ ಬರುವ ಅಲೆಗೂ ಗೋಡೆಗೆ ಬಡಿದು ಬರುವ ಅಲೆಗೂ ಕಿವಿಯ ಬಳಿ ಆಗುವ ಲೆಕ್ಕಾಚಾರವೇ ಬೇರೆ. ಕುರ್ಚಿ ಅದೇ, ಕೂತ ಭಂಗಿ ಬೇರೆ.

ಇನ್ನು ರಾತ್ರಿಯ ಕರೆಂಟಿನ ಪವಾಡ. ವಸತಿ ಪ್ರದೇಶಗಳಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ. ನಮ್ಮ ಬೀದಿಗಳು ನಿಯಮ ಓದಿಕೊಂಡಿಲ್ಲ, ಇರಲಿ. ಆದರೂ ರಾತ್ರಿ ಹನ್ನೊಂದಕ್ಕೆ ಬಸ್ಸು ನಿಂತು, ಮಿಕ್ಸಿ ನಿಂತು, ಪಕ್ಕದ ಮನೆಯ ಧಾರಾವಾಹಿ ಮುಗಿದು, ಸುತ್ತಲಿನ ಗದ್ದಲ ಹತ್ತು ಹದಿನೈದು ಡೆಸಿಬೆಲ್ ಇಳಿಯುವುದು ಸಾಧಾರಣ. ಅಷ್ಟು ಹೊತ್ತು ಮುಚ್ಚಿಹೋಗಿದ್ದ ಸಣ್ಣ ಸದ್ದುಗಳು ಆಗ ಮೇಲೆ ಬರುತ್ತವೆ: ತಂಬೂರಿಯ ಬಾಲ, ಹಾರ್ಮೋನಿಯಮ್ಮಿನ ತಿದಿಯ ಉಸಿರು. ಶುದ್ಧವಾದದ್ದು ಊರು, ಕರೆಂಟಲ್ಲ.

ಕಿವಿಯೂ ಸುಮ್ಮನೆ ಇರುವ ಅಂಗವಲ್ಲ. ಶಬ್ದ ಮೆಲ್ಲಗಾದಂತೆ ಕಿವಿಗೆ ಮಂದ್ರ ಸ್ವರಗಳು ಬೇಗ ಕೈತಪ್ಪುತ್ತವೆ ಎಂಬುದನ್ನು ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ತೋರಿಸಿದರು. ಹಾಗಾಗಿ ವಾಲ್ಯೂಮ್ ಕೂದಲೆಳೆಯಷ್ಟು ಕಡಿಮೆಯಾದರೂ 'ಸದ್ದು ಕಡಿಮೆಯಾಯಿತು' ಎಂದು ಅನಿಸುವುದಿಲ್ಲ, 'ತುಂಬಿದ ಗುಣ ಹೋಯಿತು' ಎಂದು ಅನಿಸುತ್ತದೆ. ಹಾರ್ನಿನ ನಡುವೆ ಒಂದೂವರೆ ಗಂಟೆ ಬೈಕಿನಲ್ಲಿ ಬಂದವನ ಕಿವಿ ಕೆಲವು ತಾಸು ಮಂಕಾಗಿರುತ್ತದೆ. ನೆಗಡಿಯಾದರೆ ಮೂಗಿನ ಹಿಂಬದಿಯಿಂದ ಮಧ್ಯಕಿವಿಗೆ ಹೋಗುವ ಸಣ್ಣ ನಾಳ ಕಟ್ಟಿಕೊಂಡು ಇಡೀ ಲೋಕವೇ ಕಂಬಳಿ ಹೊದ್ದಂತೆ ಕೇಳುತ್ತದೆ.

ಇಷ್ಟೂ ನಿಜವಾದ ಕಾರಣಗಳೇ. ಆದರೆ ನನ್ನನ್ನು ಕಾಡುವುದು ಕಾರಣಗಳ ಪಟ್ಟಿಯಲ್ಲ, ಅವನ್ನು ಹುಡುಕುವ ಕ್ರಮ. ದೂರು ಹೇಳುವವರು ಮೊದಲು ತಂತಿಯನ್ನು ಹಿಡಿಯುತ್ತಾರೆ, ಆಮೇಲೆ ಕರೆಂಟು, ಆಮೇಲೆ ಆಂಪ್ಲಿಫಯರು. ಕೋಣೆ ಬಹಳ ತಡವಾಗಿ ಬರುತ್ತದೆ. ಕೇಳುವವನು ಬರುವುದೇ ಇಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ನಾವು ಕುಣಿಯುವವರಿಗೆ ಮಾತ್ರ ಮೀಸಲಿಟ್ಟಿದ್ದೇವೆ. ನೋಡುತ್ತ ಕೂತವನೂ ಡೊಂಕಾಗಿರಬಹುದು ಎಂಬ ಗಾದೆ ನಮ್ಮಲ್ಲಿ ಇದ್ದಂತಿಲ್ಲ. ತಂತಿಯನ್ನು ಹಣ ಕೊಟ್ಟು ಬದಲಾಯಿಸಬಹುದು, ತನ್ನನ್ನು ಬದಲಾಯಿಸಿಕೊಳ್ಳಲು ಅಂಗಡಿಯಿಲ್ಲ. ಇದೂ ಒಂದು ಕಾರಣವಿರಬೇಕು. 'ಹೈ ಫಿಡೆಲಿಟಿ' ಎಂಬ ಹೆಸರಿನಲ್ಲೇ ನಿಷ್ಠೆ ಎಂಬ ಮಾತಿದೆ. ಮದುವೆಗೂ ಸ್ನೇಹಕ್ಕೂ ಸಲ್ಲುವ ಪದವನ್ನು ಒಂದು ಪೆಟ್ಟಿಗೆಗೆ ಹಚ್ಚಿ, ಅದು ಒಂದು ದಿನವೂ ತಪ್ಪದೆ ನಿಷ್ಠವಾಗಿರಬೇಕೆಂದು ಕೇಳುತ್ತೇವೆ. ನಮ್ಮ ಕಡೆಯಿಂದ ಅದಕ್ಕೆ ಏನು ಸಲ್ಲಬೇಕು ಎಂದು ಯಾರೂ ಕೇಳುವುದಿಲ್ಲ.

ಇಲ್ಲಿಗೆ ನಿಲ್ಲಿಸಿದರೆ ಲೇಖನ ಸಲೀಸು: ಎಲ್ಲವೂ ನಿಮ್ಮ ತಲೆಯೊಳಗೆ ಎಂದು ಹೇಳಿ ಎದ್ದು ಹೋಗಬಹುದು. ಎಂಜಿನಿಯರಿಂಗ್ ಓದಿದವರಲ್ಲಿ ಅನೇಕರು ಹಾಗೇ ಮಾಡುತ್ತಾರೆ. ಆದರೆ ಆ ಮಾತಿನಲ್ಲಿ ಒಂದು ಒರಟುತನವಿದೆ. ಅದು ಎಷ್ಟೋ ಸಲ ತಪ್ಪೂ ಹೌದು.

ಮೈಸೂರಿನಲ್ಲಿ ನನಗೆ ಪರಿಚಯದ ಹಿರಿಯರೊಬ್ಬರಿದ್ದಾರೆ, ಎಪ್ಪತ್ತು ದಾಟಿದವರು. ರಾತ್ರಿ ಊಟವಾದ ಮೇಲೆ ಮನೆಯವರಿಗೆ ತೊಂದರೆಯಾಗದಂತೆ ಮೆಲ್ಲಗೆ ಒಂದು ಗಂಟೆ ಹಾಡು ಕೇಳುವುದು ಅವರ ಅಭ್ಯಾಸ. ಕೆಲವು ದಿನ ಎಡಗಡೆಯ ಧ್ವನಿ ಒಣಗಿದಂತಿರುತ್ತದೆ, ಕೆಲವು ದಿನ ಸರಿಯಾಗಿರುತ್ತದೆ ಎಂಬುದು ಅವರ ದೂರು. ಮಗ ಸಾಫ್ಟ್‌ವೇರಿನವನು. ಒಂದು ಭಾನುವಾರ ಮೈಕು, ಲ್ಯಾಪ್‌ಟಾಪು ತಂದು, ಕೋಣೆಯ ಗದ್ದಲ ಅಡ್ಡ ಬರಬಾರದೆಂದು ವಾಲ್ಯೂಮ್ ಚೆನ್ನಾಗಿ ಏರಿಸಿ ಅಳೆದ. ಎಡ ಬಲ ಎರಡರ ಗೆರೆಯೂ ಒಂದೇ. ಅದನ್ನು ಪ್ರಿಂಟ್ ತೆಗೆದು ಅಪ್ಪನ ಮುಂದಿಟ್ಟ. "ಅಪ್ಪಾ, ನೋಡಿ, ಏನೂ ಆಗಿಲ್ಲ." ಅವರು ಕನ್ನಡಕ ಹಾಕಿಕೊಂಡು ನೋಡಿ, "ಇದು ಕೇಳ್ತಾ ಇಲ್ಲವಲ್ಲಪ್ಪ, ಕೇಳ್ತಿರೋದು ನಾನು" ಅಂದರು. ಆಮೇಲೆ ಕೆಲವು ತಿಂಗಳು ಆ ವಿಷಯ ಎತ್ತಲಿಲ್ಲ. ಹಾಡು ಕೇಳುವುದೂ ಕಡಿಮೆಯಾಯಿತು. ವಯಸ್ಸಾದಂತೆ ತಾರ ಧ್ವನಿಗಳು ಕಿವಿಯಿಂದ ಮೊದಲು ಜಾರುತ್ತವೆ ಎಂಬುದು ಅವರಿಗೂ ಗೊತ್ತು. ತನ್ನ ಕಿವಿಯೇ ಹೋಗುತ್ತಿದೆ ಎಂದುಕೊಂಡು ಸುಮ್ಮನಾದರು.

ಕೊನೆಗೆ ಬೇರೇನೋ ಕೆಲಸಕ್ಕೆ ಬಂದ ರಿಪೇರಿಯವನು ಆಂಪ್ಲಿಫಯರಿನ ಮುಚ್ಚಳ ತೆಗೆದ. ಸ್ವಿಚ್ಚು ಹಾಕಿದ ಕೆಲವು ಸೆಕೆಂಡಿಗೆ 'ಟಿಕ್' ಎಂದು ಸ್ಪೀಕರಿಗೆ ದಾರಿ ಬಿಡುವ ರಿಲೇ ಒಂದು ಒಳಗಿರುತ್ತದೆ. ಅದರ ಎಡಗಡೆಯ ಸಂಪರ್ಕಬಿಂದು ವರ್ಷಗಳ ತೇವಕ್ಕೆ ಕರಕಾಗಿತ್ತು. ಈ ದೋಷಕ್ಕೆ ಒಂದು ಸ್ವಭಾವವಿದೆ: ಮೆಲ್ಲಗೆ ಕೇಳುವಾಗ ಅದು ಧ್ವನಿಯನ್ನು ತಡೆಯುತ್ತದೆ, ಜೋರಾಗಿ ಇಟ್ಟರೆ ಆ ಕರಕನ್ನು ಭೇದಿಸಿಕೊಂಡು ವಿದ್ಯುತ್ತು ಹರಿದು ಎಲ್ಲ ಸರಿಹೋಗುತ್ತದೆ, ಎರಡು ಮೂರು ದಿನ ಸರಿಯಾಗಿಯೇ ಇರುತ್ತದೆ. ಅಪ್ಪ ಕೇಳುತ್ತಿದ್ದುದು ಮೆಲ್ಲಗೆ. ಮಗ ಅಳೆದದ್ದು ಜೋರಾಗಿ. ಅಳತೆಯೇ ದೋಷವನ್ನು ಒರೆಸಿಹಾಕಿತ್ತು. ಕೆಲವೇ ನೂರು ರೂಪಾಯಿಯ ರಿಲೇ ಬದಲಾಯಿಸಿದರು.

ಡೇವಿಡ್ ಹ್ಯೂಮ್ 1757ರಲ್ಲಿ ಅಭಿರುಚಿಯ ಮಾನದಂಡದ ಬಗ್ಗೆ ಬರೆದ ಪ್ರಬಂಧದಲ್ಲಿ ಇಂಥದೇ ಒಂದು ಕತೆಯನ್ನು 'ಡಾನ್ ಕಿಹೋಟೆ'ಯಿಂದ ಎತ್ತಿಕೊಳ್ಳುತ್ತಾನೆ. ಸಾಂಚೋ ಪಾಂಜಾನ ನೆಂಟರಿಬ್ಬರಿಗೆ ಒಂದು ಪೀಪಾಯಿಯ ದ್ರಾಕ್ಷಾರಸ ರುಚಿ ನೋಡಲು ಕೊಡುತ್ತಾರೆ. ಒಳ್ಳೆಯದೇ, ಆದರೆ ಸ್ವಲ್ಪ ಚರ್ಮದ ವಾಸನೆ ಎಂದು ಒಬ್ಬ ಹೇಳುತ್ತಾನೆ. ಇನ್ನೊಬ್ಬ ಕಬ್ಬಿಣದ ರುಚಿ ಇದೆ ಎನ್ನುತ್ತಾನೆ. ಊರವರು ಇಬ್ಬರನ್ನೂ ನೋಡಿ ನಗುತ್ತಾರೆ. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ದಾರ ಕಟ್ಟಿದ ಹಳೆಯ ಕೀಲಿಕೈಯೊಂದು ಸಿಗುತ್ತದೆ. ಸೂಕ್ಷ್ಮ ರುಚಿ ಎಂಬುದು ಬರಿಯ ಸೋಗಲ್ಲ ಎಂದು ತೋರಿಸಲು ಹ್ಯೂಮ್‌ಗೆ ಈ ಕತೆ ಬೇಕಾಗಿತ್ತು. ಆದರೆ ಓದುವಾಗ ನನ್ನ ಕಣ್ಣು ಹೋಗುವುದು ಆ ನಕ್ಕವರ ಕಡೆಗೆ. ಪೀಪಾಯಿ ಬರಿದಾಗುವವರೆಗೆ ಅವರ ಬಳಿ ನಗಲು ಯಾವ ಆಧಾರವಿತ್ತು? ತಮಗೆ ತಿಳಿಯಲಿಲ್ಲ ಎಂಬುದು ಮಾತ್ರ.

ಹಾಗೆಂದು ರುಚಿ ಹೇಳಿದವರನ್ನೆಲ್ಲ ನಂಬಿಬಿಡಲೂ ಆಗದು. 2010ರಲ್ಲಿ ಅಮೆರಿಕದ ಇಂಡಿಯಾನಪೊಲಿಸ್‌ನಲ್ಲಿ ಕ್ಲೋಡಿಯಾ ಫ್ರಿಟ್ಸ್ ಮತ್ತು ಸಂಗಡಿಗರು 21 ಜನ ನುರಿತ ಪಿಟೀಲುವಾದಕರಿಗೆ ಮಬ್ಬು ಬೆಳಕಿನ ಕೋಣೆಯಲ್ಲಿ ಕಪ್ಪು ಕನ್ನಡಕ ತೊಡಿಸಿ, ಸ್ಟ್ರಾಡಿವೇರಿಯಂಥ ಹಳೆಯ ಪಿಟೀಲುಗಳನ್ನೂ ಹೊಸ ಪಿಟೀಲುಗಳನ್ನೂ ನುಡಿಸಲು ಕೊಟ್ಟರು. ಹೆಚ್ಚಿನವರು ಮನೆಗೆ ಒಯ್ಯಲು ಆರಿಸಿಕೊಂಡದ್ದು ಹೊಸದನ್ನು. ತಮ್ಮ ಕೈಯಲ್ಲಿರುವುದು ಹಳೆಯದೋ ಹೊಸದೋ ಎಂದು ಹೇಳಲೂ ಹೆಚ್ಚಿನವರಿಗೆ ಆಗಲಿಲ್ಲ. ಇದಕ್ಕೂ ಮೊದಲು, 1994ರಲ್ಲಿ, ಫ್ಲಾಯ್ಡ್ ಟೂಲ್ ಮತ್ತು ಶಾನ್ ಆಲಿವ್ ಸ್ಪೀಕರುಗಳ ಮೇಲೆ ಇಂಥ ಪರೀಕ್ಷೆ ಮಾಡಿದ್ದರು. ಕಣ್ಣಿಗೆ ಕಂಡಾಗ ಕೇಳುಗರು ಕೊಟ್ಟ ಅಂಕ ಬೇರೆ, ಪರದೆ ಎಳೆದ ಮೇಲೆ ಅವೇ ಕೇಳುಗರು ಅವೇ ಸ್ಪೀಕರುಗಳಿಗೆ ಕೊಟ್ಟ ಅಂಕ ಬೇರೆ. ಮರದ ಹೊಳಪು, ಗಾತ್ರ, ಬೆಲೆ, ಹೆಸರು ಎಲ್ಲವೂ ಕಿವಿಯೊಳಗೆ ಹೋಗಿ ಕೂತಿದ್ದವು. ಕಣ್ಣು ಕಟ್ಟಿ ಕೇಳಿಸುವ ಪರೀಕ್ಷೆ ಪೀಪಾಯಿ ಬರಿದು ಮಾಡುವ ವಿಧಾನ. ಕೀಲಿಕೈ ಇದ್ದರೆ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ಗೊತ್ತಾಗುತ್ತದೆ.

ಆದರೆ ನಮ್ಮ ದೂರಿಗೆ ಈ ಮದ್ದು ನಾಟುವುದಿಲ್ಲ. ಎರಡು ಸ್ಪೀಕರುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಬಹುದು. ನಿನ್ನೆ ಮತ್ತು ಇವತ್ತನ್ನು ಅಕ್ಕಪಕ್ಕ ಇಡುವುದು ಹೇಗೆ? ಧ್ವನಿಯ ಬಣ್ಣವನ್ನು ಕೇಳಿದ ಹಾಗೆಯೇ ಹಿಡಿದಿಡುವ ನೆನಪು ಕೆಲವು ಸೆಕೆಂಡುಗಳದು. ಆಮೇಲೆ ಉಳಿಯುವುದು ಧ್ವನಿಯಲ್ಲ, ಅದು ಚೆನ್ನಾಗಿತ್ತು ಎಂಬ ತೀರ್ಮಾನ, ಅದರ ಸುತ್ತ ಕಟ್ಟಿಕೊಂಡ ಮಾತು. ನಿನ್ನೆ ರಾತ್ರಿಯ ಹಾಡು ಮತ್ತು ಇವತ್ತಿನ ಹಾಡು ಎಂದು ನಾವು ಹೋಲಿಸುವುದು ನಿನ್ನೆಯ ಸಂತೋಷದ ನೆನಪನ್ನೂ ಇವತ್ತಿನ ಸದ್ದನ್ನೂ. ಒಂದು ತಕ್ಕಡಿಯಲ್ಲಿ ಕತೆ, ಇನ್ನೊಂದರಲ್ಲಿ ಕಲ್ಲು.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1877ರಲ್ಲಿ ಎಡಿಸನ್ ಫೋನೋಗ್ರಾಫ್ ಮಾಡುವವರೆಗೆ, ಮನುಷ್ಯ ಜಾತಿಯಲ್ಲಿ ಯಾರೂ ಒಂದೇ ಹಾಡಿಕೆಯನ್ನು ಎರಡು ಸಲ ಕೇಳಿರಲಿಲ್ಲ. ಅದೇ ಕೃತಿ, ಅದೇ ರಾಗ, ಅದೇ ವಿದ್ವಾಂಸರು ಇರಬಹುದು. ಆದರೆ ಆ ಹಾಡಿಕೆ ಅಲ್ಲಿಗೆ ಮುಗಿಯಿತು. ಮಾರನೆಯ ದಿನ ಕಳೆ ಕಟ್ಟದಿದ್ದರೆ ಅದಕ್ಕೆ ನೂರು ಕಾರಣ. ಗಾಯಕರ ಗಂಟಲು, ಪಕ್ಕವಾದ್ಯದವರ ಮುನಿಸು, ಮಳೆ. ಮೃದಂಗದವರು ಕಚೇರಿಯ ನಡುವೆ ಕಲ್ಲಿನಿಂದ ತಟ್ಟಿ ಶ್ರುತಿ ಸರಿ ಮಾಡಿಕೊಳ್ಳುತ್ತಾರೆ, ಎಡಮುಖಕ್ಕೆ ಕಲಸಿದ ರವೆ ಮೆತ್ತುತ್ತಾರೆ. ತಂಬೂರಿಯ ಜೀವಾಳದ ಎಳೆಯನ್ನು ಕೂದಲೆಳೆಯಷ್ಟು ಸರಿಸುತ್ತಾರೆ. ನಿನ್ನೆಯ ಶ್ರುತಿ ಇವತ್ತಿಗೆ ನಿಲ್ಲುವುದಿಲ್ಲ ಎಂಬುದು ಅವರ ಕಸುಬಿನ ಮೊದಲ ಪಾಠ, ಅದಕ್ಕಾಗಿ ಯಾರೂ ವಾದ್ಯವನ್ನು ಶಪಿಸುವುದಿಲ್ಲ. ಎರಡೂ ಕಡೆ ಅಲುಗಾಡುತ್ತಿದ್ದಾಗ ಕೇಳುವವನ ಅಲುಗಾಟ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ.

ರೆಕಾರ್ಡು ಒಂದು ಕಡೆಯನ್ನು ಕದಲದಂತೆ ಹಿಡಿಯಿತು. ಮಲ್ಲಿಕಾರ್ಜುನ ಮನಸೂರರು 1992ರಲ್ಲಿ ತೀರಿಕೊಂಡರು; ಅವರು ಹಾಡಿಟ್ಟ ರಾಗದಲ್ಲಿ ಇನ್ನು ಒಂದು ತಾನವೂ ಆಚೀಚೆ ಆಗುವುದಿಲ್ಲ. ಆದರೂ ಅದು ಸೋಮವಾರ ಒಂದು ಥರ, ಗುರುವಾರ ಒಂದು ಥರ ಕೇಳುತ್ತದೆ. ಅಲುಗಾಡುತ್ತಿರುವುದು ಯಾರು ಎಂಬುದು ಈಗ ತಿಳಿಯುತ್ತದೆ. ಸಂಗೀತವನ್ನು ತಪ್ಪದೆ ತಲುಪಿಸಲು ಮಾಡಿದ ಯಂತ್ರ ಕೇಳುಗನನ್ನು ಅಳೆಯುವ ಯಂತ್ರವೂ ಆಗಿಬಿಟ್ಟಿತು. ಅದು ಒಳ್ಳೆಯದಾದಷ್ಟೂ ಈ ಅಳತೆ ನಿಖರ. ಅಗ್ಗದ ಮೊಬೈಲಿನಲ್ಲಿ ಕೇಳುವವರು ಇಂಥ ದೂರು ಹೇಳುವುದು ಅಪರೂಪ. ಹೆಚ್ಚು ಖರ್ಚು ಮಾಡಿದವರಿಗೇ ಈ ಸಂಕಟ ಹೆಚ್ಚು. ಅವರು ಕೊಂಡದ್ದು ಕನ್ನಡಿ. ಕಿಟಕಿ ಎಂದುಕೊಂಡಿದ್ದಾರೆ.

ನಮ್ಮ ಹಳಬರಿಗೆ ಇದು ಹೊಸತಲ್ಲ. ಮನಸ್ಸು ಬೇರೆಲ್ಲೋ ಇತ್ತು, ಹಾಗಾಗಿ ಕೇಳಲಿಲ್ಲ ಎಂಬ ಸಾದಾ ಅನುಭವವನ್ನು ಹಿಡಿದೇ ಬೃಹದಾರಣ್ಯಕ ಉಪನಿಷತ್ತು ಕೇಳುವುದು ಮನಸ್ಸಿನಿಂದ ಎಂದು ವಾದಿಸುತ್ತದೆ. ನೈಯಾಯಿಕರು ಇನ್ನೊಂದು ಹೆಜ್ಜೆ ಹೋಗಿ, ಮನಸ್ಸು ಅಣುವಿನಷ್ಟು, ಒಂದು ಹೊತ್ತಿಗೆ ಒಂದೇ ಇಂದ್ರಿಯದ ಜೊತೆ ಅದು ಕೂಡಬಲ್ಲದು, ಅದಕ್ಕೇ ಎರಡು ಅರಿವುಗಳು ಒಟ್ಟಿಗೆ ಹುಟ್ಟುವುದಿಲ್ಲ ಎಂದರು. ಆದರೆ ನಮ್ಮ ಹೈಫೈ ಗೆಳೆಯರಿಗೆ ಎಲ್ಲರಿಗಿಂತ ಹತ್ತಿರದವನು ಸಾವಿರ ವರ್ಷದ ಹಿಂದಿನ ಕಾಶ್ಮೀರದ ಅಭಿನವಗುಪ್ತ. ಭರತನ ನಾಟ್ಯಶಾಸ್ತ್ರಕ್ಕೆ ಬರೆದ 'ಅಭಿನವಭಾರತಿ'ಯಲ್ಲಿ ಅವನು ರಸಾನುಭವಕ್ಕೆ ಅಡ್ಡ ಬರುವ ಏಳು ವಿಘ್ನಗಳನ್ನು ಎಣಿಸುತ್ತಾನೆ. ಅದರಲ್ಲಿ ಒಂದು, ತನ್ನದೇ ಸುಖದುಃಖಗಳಿಗೆ ವಶನಾಗಿರುವುದು. ಸಾಲದ ಕಂತು, ಮಗಳ ಜ್ವರ, ಬಡ್ತಿಯ ಸುದ್ದಿ. ಸುಖವೂ ಈ ಪಟ್ಟಿಯಲ್ಲಿದೆ ಎಂಬುದನ್ನು ಮರೆಯಬೇಡಿ. ಹಿಗ್ಗಿನಲ್ಲಿರುವವನೂ ಕೇಳಲಾರ.

ರಸ ವಸ್ತುವಿನಲ್ಲಿ ತುಂಬಿಟ್ಟ ಸರಕಲ್ಲ, ಸಹೃದಯನಲ್ಲಿ ಆಗುವ ಒಂದು ಅನುಭವ ಎಂದ ಮೇಲೆ ಒಂದು ಅಪಾಯವಿದೆ. ಹಾಗಿದ್ದರೆ ಯಂತ್ರ ಯಾವುದಾದರೇನು, ಮುರುಕು ಸ್ಪೀಕರೂ ಸಾಕಲ್ಲ, ಎಲ್ಲ ಮನಸ್ಸಿನದೇ ಆಟ ಎಂದು ಯಾರಾದರೂ ಹೇಳಬಹುದು. ಅಭಿನವಗುಪ್ತ ಹಾಗೆ ಹೇಳುವುದಿಲ್ಲ, ಇದೇ ನನಗೆ ಹಿಡಿಸಿದ್ದು. ತನ್ನ ಸುಖದುಃಖದಲ್ಲಿ ಮುಳುಗಿ ಬಂದ ಪ್ರೇಕ್ಷಕನಿಗೆ ಅವನು ಉಪದೇಶ ಮಾಡಿ ಕಳಿಸುವುದಿಲ್ಲ. ಅದಕ್ಕೆಂದೇ ರಂಗದಲ್ಲಿ ವಾದ್ಯ, ಗಾನ, ಅಲಂಕರಿಸಿದ ಮಂಟಪ ಇರುವುದು ಎನ್ನುತ್ತಾನೆ. ಹೊರಗಿನ ಏರ್ಪಾಡು ಒಳಗಿನ ವಿಘ್ನವನ್ನು ಸರಿಸಲು ನೆರವಾಗುತ್ತದೆ. ಈ ಲೆಕ್ಕದಲ್ಲಿ ನೋಡಿದರೆ ಒಳ್ಳೆಯ ಸ್ಪೀಕರು, ಮೊಳಗದ ಕೋಣೆ, ಸದ್ದಿಲ್ಲದ ರಾತ್ರಿ ಇವೆಲ್ಲ ಒಂದೊಂದು ಅಡ್ಡಿಯನ್ನು ತೆಗೆಯುತ್ತವೆ. ರಸವನ್ನು ತಂದುಕೊಡುವುದಿಲ್ಲ, ದಾರಿಯ ಕಲ್ಲು ಎತ್ತಿಡುತ್ತವೆ. ಆರು ಕಲ್ಲು ಎತ್ತಿಟ್ಟ ಮೇಲೂ ಏಳನೆಯದು ಉಳಿದರೆ ಆ ಆರು ಎತ್ತಿದವರನ್ನು ಬೈಯುವುದು ಅನ್ಯಾಯ.

ಮೈಸೂರಿನ ಹಿರಿಯರಿಗೆ ರಿಲೇ ಬದಲಾಯಿಸಿದ ಮೇಲೂ ಕೆಲವು ರಾತ್ರಿ ಹಾಡು ಒಣಗಿದಂತೆ ಕೇಳುತ್ತದಂತೆ. ಈಗ ಎಡಗಡೆ ಮಾತ್ರವಲ್ಲ, ಎರಡೂ ಕಡೆ. ಅಂಥ ದಿನ ಅವರು ಆರಿಸಿ ಮಲಗುತ್ತಾರೆ.

ಯಂತ್ರಕ್ಕೆ ಬೈದರೆ ಅದಕ್ಕೆ ನೋವಿಲ್ಲ. ಹೆಚ್ಚೆಂದರೆ ನಮ್ಮ ದುಡ್ಡು ಹೋಗುತ್ತದೆ. ಆದರೆ ನಾವು ತೀರ್ಪು ಕೊಡುವುದು ಯಂತ್ರಗಳಿಗೆ ಮಾತ್ರವಲ್ಲ. "ಇವತ್ತು ಸಾರಿಗೆ ಏನೋ ಕಮ್ಮಿ" ಎಂದು ತಟ್ಟೆಯ ಮುಂದೆ ಕೂತು ಹೇಳುವಾಗ, ಕಮ್ಮಿಯಾದದ್ದು ಹುಳಿಯೋ ನೆಗಡಿ ಹಿಡಿದ ಮೂಗೋ ಎಂದು ಯಾರೂ ತಡೆದು ಯೋಚಿಸುವುದಿಲ್ಲ. ಒಲೆಯ ಮುಂದಿದ್ದವರು ಮಾತ್ರ ನಿನ್ನೆ ಎಷ್ಟು ಹುಣಸೆ ಹಾಕಿದ್ದೆ ಎಂದು ನೆನಪು ಮಾಡಿಕೊಳ್ಳುತ್ತ ಹೋಗುತ್ತಾರೆ. ಪಾಠ ಒಪ್ಪಿಸುವ ಹುಡುಗಿಗೆ ಮೇಷ್ಟ್ರು "ಹೋದ ವಾರವೇ ವಾಸಿಯಿತ್ತು" ಎನ್ನುತ್ತಾರೆ. ಹೋದ ವಾರ ತಾವು ಹೇಗಿದ್ದೆವು ಎಂಬುದು ಅವರ ಲೆಕ್ಕದಲ್ಲಿಲ್ಲ. ಸಂಪಾದಕನೊಬ್ಬ ಬೆಳಿಗ್ಗೆ ಓದಿದ್ದರೆ ಅಚ್ಚಾಗುತ್ತಿದ್ದ ಕವಿತೆ ಸಂಜೆ ಓದಿದ್ದರಿಂದ ವಾಪಸು ಹೋಗುತ್ತದೆ. ಕವಿ ವರ್ಷಗಟ್ಟಲೆ ತನ್ನ ಸಾಲುಗಳಲ್ಲಿ ದೋಷ ಹುಡುಕುತ್ತ ಕೂರುತ್ತಾನೆ. ಈ ಮೂವರಲ್ಲಿ ಯಾರಿಗೂ ಪೀಪಾಯಿ ಬರಿದು ಮಾಡಿಸುವ ಹಕ್ಕಿಲ್ಲ. ರೆಕಾರ್ಡಿನ ಹಾಗೆ ನಿನ್ನೆಯದನ್ನೇ ಮತ್ತೆ ನುಡಿದು ತೋರಿಸಲೂ ಅವರಿಗೆ ಆಗದು.

ಹಾಗೆಂದು ಇಂಥವರ ಮುಂದೆ ನಾವು ತೀರ್ಪನ್ನೇ ಕೊಡಬಾರದು ಎಂದು ನಾನು ಹೇಳಲಾರೆ. ಸಾರಿಗೆ ಕೆಲವು ದಿನ ನಿಜವಾಗಿಯೂ ಉಪ್ಪು ಕಮ್ಮಿಯಾಗಿರುತ್ತದೆ. ರಿಲೇ ನಿಜವಾಗಿಯೂ ಕರಕಾಗಿರುತ್ತದೆ. ತನ್ನ ಮೇಲಿನ ಅನುಮಾನವೂ ಅತಿಯಾದರೆ ಆ ಹಿರಿಯರ ಹಾಗೆ ಸುಮ್ಮನಾಗಿ, ಸರಿಯಾಗಿಯೇ ಕೇಳುತ್ತಿದ್ದ ಕಿವಿಯನ್ನು ಕೈಬಿಡಬೇಕಾಗುತ್ತದೆ. ಹೇಳುವುದಾದರೆ ಎರಡು ಬೇರೆ ದಿನ ನೋಡಿ ಹೇಳಬೇಕು, ಮತ್ತು ಮೊದಲು ಅಗ್ಗದ ಕಾರಣಗಳನ್ನು ನೋಡಬೇಕು: ಊರಿನ ಗದ್ದಲ, ಕೂತ ಭಂಗಿ, ನೆಗಡಿ, ನಿದ್ದೆ. ರಿಪೇರಿಯವರು ಮುಚ್ಚಳ ಬಿಚ್ಚುವ ಮೊದಲು ಪ್ಲಗ್ಗು ನೋಡುವ ಹಾಗೆ.

ನಮ್ಮ ಹಲವು ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರ ಉತ್ತರಪತ್ರಿಕೆಗಳನ್ನು ಇಬ್ಬರು ಬೇರೆ ಬೇರೆಯಾಗಿ ತಿದ್ದುತ್ತಾರೆ, ಅಂಕಗಳ ನಡುವೆ ಬಹಳ ಅಂತರ ಬಂದರೆ ಮೂರನೆಯವರಿಗೆ ಹೋಗುತ್ತದೆ. ಓದುಗರು ಒಂದೇ ಸಮ ಇರುವುದಿಲ್ಲ ಎಂಬುದನ್ನು ಒಂದು ಸಂಸ್ಥೆ ಬರವಣಿಗೆಯಲ್ಲಿ ಒಪ್ಪಿಕೊಂಡ ಅಪರೂಪದ ಸಂದರ್ಭ ಇದು. ಆದರೆ ಒಬ್ಬನೇ ಓದುಗ ಬೆಳಗಿನ ಹತ್ತಕ್ಕೂ ಸಂಜೆ ಐದಕ್ಕೂ ಬೇರೆಯಾಗಿರುತ್ತಾನೆ ಎಂಬುದಕ್ಕೆ ಅಲ್ಲಿ ನಿಯಮವಿಲ್ಲ. ಶಿವಮೊಗ್ಗದ ಕಡೆಯ ಕನ್ನಡ ಅಧ್ಯಾಪಕಿಯೊಬ್ಬರು ನನಗೆ ಪರಿಚಯ. ಮೌಲ್ಯಮಾಪನಕ್ಕೆ ಹೋದಾಗ ಅವರು ದಿನದ ಕಟ್ಟು ಮುಗಿದ ಮೇಲೆ, ಬೆಳಿಗ್ಗೆ ತಿದ್ದಿದ ಮೊದಲ ಐದು ಪತ್ರಿಕೆಗಳನ್ನು ಅಂಕದ ಮೇಲೆ ಕೈಯಿಟ್ಟು ಮುಚ್ಚಿಕೊಂಡು ಮತ್ತೆ ಓದುತ್ತಾರೆ. ಬಸ್ಸು ತಪ್ಪುತ್ತದೆ ಎಂದು ಜೊತೆಯವರು ಅವಸರ ಮಾಡುತ್ತಿರುತ್ತಾರೆ. ಐದರಲ್ಲಿ ಒಂದೋ ಎರಡೋ ಬದಲಾಗುತ್ತವೆಯಂತೆ, ಒಮ್ಮೊಮ್ಮೆ ಮೇಲಕ್ಕೆ, ಒಮ್ಮೊಮ್ಮೆ ಕೆಳಕ್ಕೆ. ಉಳಿದ ಇಪ್ಪತ್ತನ್ನೂ ಹೀಗೇ ಓದಿದ್ದರೆ ಎಂದು ಒಮ್ಮೆ ಕೇಳಿದೆ. "ಅಷ್ಟು ಹೊತ್ತು ಯಾರು ಕೊಡ್ತಾರೆ?" ಎಂದು ಪೆನ್ನಿನ ಮುಚ್ಚಳ ಹಾಕಿದರು.